ಯಂತ್ರೋದಕ ಪರೀಕ್ಷೆ

ಗಾಳಿಯನ್ನು ಹದಿನೆಂಟು ಇಪ್ಪತ್ತು ಪಟ್ಟು ಕುಗ್ಗಿಸಿ, ಆ ತಾಪದಿಂದಲೇ ತೈಲವನ್ನು ಹೊತ್ತಿಸಿಕೊಂಡು ಗರ್ಜಿಸುವ ಡೀಸೆಲ್ ಯಂತ್ರದ ಸಿಲಿಂಡರಿನೊಳಗೆ ಒಂದು ಲೋಟ ನೀರು ಹೊಕ್ಕಿತೆಂದರೆ, ಕುಗ್ಗುವ ಸೌಜನ್ಯವೇ ಇಲ್ಲದ ಆ ನೀರಿನೆದುರು ಪಿಸ್ಟನ್ನು ನಡುದಾರಿಯಲ್ಲಿ ನಿಂತುಬಿಡುತ್ತದೆ. ಬಲಾತ್ಕಾರಕ್ಕೆ ಹೋದರೆ ಕನೆಕ್ಟಿಂಗ್ ರಾಡು ಬಾಗುತ್ತದೆ. 184 ಕಿಲೋಮೀಟರು ಹರಿಯುವ ಕಾಳೀನದಿಯನ್ನು ಸೂಪಾದಲ್ಲಿ 101 ಮೀಟರು ಎತ್ತರದ ಅಣೆಕಟ್ಟಿನಿಂದ ತಡೆದ ಮನುಷ್ಯನ ಯಂತ್ರವೊಂದನ್ನು ಅದೇ ನದಿ ಒಂದು ಲೋಟದಷ್ಟರಿಂದ ತಡೆಯುವುದು ನ್ಯಾಯಸಮ್ಮತವಾದ ಪ್ರತೀಕಾರವೆಂದೇ ನನಗೆ ತೋರುತ್ತದೆ.

ಕುಳಗಿಯ ನನ್ನ ಮಿತ್ರರೊಬ್ಬರು ಕಾರವಾರದಲ್ಲಿ ಮೀನುಗಾರಿಕೆಯಿಂದ ನಿವೃತ್ತವಾದ ಲಾಂಚೊಂದನ್ನು ಅಗ್ಗಕ್ಕೆ ಕೊಂಡು, ಲಾರಿಯ ಮೇಲೆ ಘಟ್ಟ ಹತ್ತಿಸಿ, ಗಣೇಶಗುಡಿಯ ಮೇಲಣ ಹಿನ್ನೀರಿಗೆ ಇಳಿಸಿದ್ದರು. ಒಂದು ಮುಂಜಾನೆ ಅದು ಹಟ ಹಿಡಿದು ನಿಂತಿತು. ಹುಲಿಯ ಹೆಜ್ಜೆ ನೋಡಿ ಅದರ ವಯಸ್ಸು ಹೇಳಬಲ್ಲ ನಮ್ಮೂರ ಜೀಪು ಚಾಲಕರು ಅಷ್ಟೇ ನಿಸ್ಸಂದೇಹವಾಗಿ ರೋಗವನ್ನು ನಿರ್ಣಯಿಸಿದರು: ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದು ಒಬ್ಬರು, ಹೆಡ್ಡೇ ಬಿರುಕು ಬಿಟ್ಟಿದೆಯೆಂದು ಇನ್ನೊಬ್ಬರು, ಲೈನರು ತೂತಾಗಿದೆಯೆಂದು ಮತ್ತೊಬ್ಬರು. ಮಿತ್ರರು ಇವುಗಳಲ್ಲಿ ಅತ್ಯಂತ ವೆಚ್ಚದ್ದನ್ನು ನಂಬಿ ಕಂಗೆಟ್ಟು ಕಾರವಾರದಿಂದ ವೃದ್ಧ ಫಿಟರರೊಬ್ಬರನ್ನು ಕರೆಸಿದರು.

ಫಿಟರರು ನೋಜಲುಗಳನ್ನು ಬಿಚ್ಚಿ, ಎಲ್ಲರನ್ನೂ ದೂರ ನಿಲ್ಲಿಸಿ, ಫ್ಲೈವೀಲನ್ನು ಕೈಯಿಂದ ತಿರುಗಿಸಿದೊಡನೆ ಒಂದನೆಯ ಮತ್ತು ನಾಲ್ಕನೆಯ ಸಿಲಿಂಡರುಗಳಿಂದ ನೀರು ಚಿಮ್ಮಿತು. ಅವರು ಅದನ್ನು ತೀರ್ಥದಂತೆ ಅಂಗೈಗೆ ಹಿಡಿದು, ನಾಲಗೆಗೆ ಸೋಕಿಸಿ, ದೀರ್ಘಕಾಲ ಮೌನವಾದರು. ಸಮುದ್ರದಲ್ಲಿ ಇದೇ ಅವರ ಪರಮ ಪ್ರಮಾಣ: ಯಂತ್ರದೊಳಗೆ ಸದಾ ಸುತ್ತುವ ನೀರು ಸಿಹಿ, ಅದನ್ನು ತಣಿಸಿ ಹೊಗೆಯೊಡನೆ ಹೊರಬೀಳುವ ಹೊರನೀರು ಉಪ್ಪು; ಆದುದರಿಂದ ಸಿಹಿಯಾದರೆ ಗ್ಯಾಸ್ಕೆಟ್ಟಿನ ಕಡೆ, ಉಪ್ಪಾದರೆ ಹೊಗೆಯ ಕಡೆ ಸಂಶಯ. (ಕೂಲಂಟ್ ಬೆರೆಸಿದ ಯಂತ್ರದಲ್ಲಿ ಈ ಪರೀಕ್ಷೆಗೆ ಯಾರೂ ಇಳಿಯಬಾರದು; ಆ ಸಿಹಿ ವಿಷ.)

“ಇಲ್ಲಿ ಒಳಗೂ ಕಾಳಿ, ಹೊರಗೂ ಕಾಳಿ, ಮಾಸ್ತರ್ರೇ, ನಾಲಗೆ ಏನು ಹೇಳ್ತದೆ?” ಎಂದು ಫಿಟರರು ನನ್ನನ್ನು ಕೇಳಿದರು. ಒಳನೀರಿಗೆ ಒಂದು ಹಿಡಿ ಉಪ್ಪು ಹಾಕಿದರಾಯಿತಲ್ಲವೇ ಎಂದು ಚಾಲಕರೊಬ್ಬರು ಸೂಚಿಸಿದಾಗ, ಕಬ್ಬಿಣಕ್ಕೆ ಉಪ್ಪು ಏನು ಮಾಡುವುದೆಂಬುದನ್ನು ಜೀವಮಾನವೆಲ್ಲ ಕಂಡಿದ್ದ ಅವರು ಪಾನಾ ಕೆಳಗಿಟ್ಟು ನೋಡಿದ ನೋಟಕ್ಕೆ ಆ ಸೂಚನೆ ಅಲ್ಲಿಯೇ ಬಾಡಿತು.

ಜಿಹ್ವೆ ಕೈಬಿಟ್ಟ ಮೇಲೆ ತರ್ಕ ಕೈಹಿಡಿಯಿತು. ಒಳನೀರಿನ ಟಾಂಕಿಯ ಮುಚ್ಚಳ ತೆಗೆದರೆ ಅದು ತುಂಬಿತುಳುಕುತ್ತಿತ್ತು. ಅಲ್ಲಿಂದ ಒಂದು ಹನಿಯೂ ಕಳೆದಿರಲಿಲ್ಲ. ಡಿಪ್ ಕಡ್ಡಿಯ ಮೇಲಿನ ಎಣ್ಣೆ ಕಪ್ಪಗೇ ಇತ್ತು, ಹಾಲಿನಂತೆ ಬೆಳ್ಳಗಾಗಿರಲಿಲ್ಲ. ಅಕ್ಕಪಕ್ಕದವಲ್ಲದ ಎರಡು ಸಿಲಿಂಡರುಗಳು ಒಮ್ಮೆಗೇ ನೀರು ಕುಡಿದಿದ್ದವು. ಫಿಟರರು ಯಂತ್ರದಿಂದ ದೃಷ್ಟಿಯನ್ನು ಕಿತ್ತು ಮಿತ್ರರ ಮೇಲೆ ನೆಟ್ಟರು.

“ಸೆಲ್ಫ್ ಎಷ್ಟು ಹೊತ್ತು ಹೊಡೆದ್ರಿ?”

ಮಿತ್ರರು ಅಣೆಕಟ್ಟಿನ ದಿಕ್ಕಿಗೆ ನೋಡಿದರು. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿ ಯಂತ್ರವು ಹೊತ್ತಿಕೊಳ್ಳದಿದ್ದಾಗ, ಆತ್ಮವಿಶ್ವಾಸ ಕುಂದದೆ ಬ್ಯಾಟರಿ ಕುಂದುವವರೆಗೂ ಅವರು ಅದನ್ನು ತಿರುಗಿಸಿದ್ದರೆಂದು ಕ್ರಮೇಣ ತಿಳಿದುಬಂತು. ಯಂತ್ರ ತಿರುಗಿದಷ್ಟು ಕಾಲವೂ ಅದರ ಪಂಪು ಹೊರನೀರನ್ನು ಸೈಲೆನ್ಸರಿಗೆ ಸುರಿಯುತ್ತಲೇ ಇತ್ತು. ಹೊರದಬ್ಬಲು ಹೊಗೆಯಿಲ್ಲದೆ ಸಂಚಯವಾದ ಆ ನೀರು ಮೇಲೇರಿ, ತೆರೆದಿದ್ದ ಎಕ್ಸಾಸ್ಟ್ ವಾಲ್ವುಗಳ ಮೂಲಕ ಹಿಮ್ಮುಖವಾಗಿ ಒಳಹೊಕ್ಕಿತ್ತು. ಹೊರನೀರಿನ ಕಾಕ್ ಮುಚ್ಚಿ ಸೆಲ್ಫ್ ಹೊಡೆದಿದ್ದರೆ ಏನೂ ಆಗುತ್ತಿರಲಿಲ್ಲ. ಮುರಿದದ್ದು ಯಾವುದೂ ಇರಲಿಲ್ಲ.

ಸೈಲೆನ್ಸರ್ ಬಸಿದು, ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು, ಪೈಪಿನ ಗಾಳಿ ತೆಗೆದ ಮೇಲೆ ಲಾಂಚು ಸೂಪಾದ ಹಿನ್ನೀರೆಲ್ಲ ಪ್ರತಿಧ್ವನಿಸುವಂತೆ ಕೆಮ್ಮಿ ಎದ್ದಿತು. ಜೀಪು ಚಾಲಕರ ಮುಖಗಳಲ್ಲಿ ಮಾತ್ರ ನಿರಾಶೆ ಕವಿಯಿತು. ಮಿತ್ರರು ಫಿಟರರನ್ನು ಮರೆಗೆ ಕರೆದು ಕೂಲಿಯನ್ನು ಉದಾರವಾಗಿಯೇ ಕೊಟ್ಟು, ರಸೀದಿಯಲ್ಲಿ ದಯವಿಟ್ಟು “ಹೆಡ್ ಗ್ಯಾಸ್ಕೆಟ್” ಎಂದೇ ಬರೆಯಬೇಕೆಂದು ವಿನಂತಿಸಿಕೊಂಡರು.