ಪ್ರಥಮ ಪಿಸ್ತೂಲ ಮೀಮಾಂಸೆ

ಯಾವ ಶಾಸ್ತ್ರವೇ ಆಗಲಿ, ವಿಷಯವೇನು, ಓದಲು ಅರ್ಹನಾರು, ಓದಿದ್ದಕ್ಕೆ ಫಲವೇನು ಎಂಬುದನ್ನು ಮೊದಲೇ ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ. ವಿಷಯ: ಮನೆಯ ಕಾವಲಿಗೂ ಸೊಂಟದ ಮರೆಗೂ ಒದಗಿಬರುವ ಮೊದಲ ಕೈಬಂದೂಕನ್ನು ಆರಿಸುವ ಬಗೆ. ಅರ್ಹನು: ಇಪ್ಪತ್ತೊಂದು ವರ್ಷ ತುಂಬಿದ, ತನ್ನ ಬುದ್ಧಿ ಸ್ತಿಮಿತದಲ್ಲಿದೆಯೆಂದು ಡಾಕ್ಟರಿಂದ ಬರೆಸಿ ತರಬಲ್ಲ ಭಾರತೀಯ ಗೃಹಸ್ಥ. ಫಲವನ್ನು ಓದುಗರು ತಾವೇ ಹುಡುಕಿಕೊಳ್ಳತಕ್ಕದ್ದು.

ದೃಷ್ಟಾಂತಕ್ಕೆ ಹೊಸಬನೊಬ್ಬನನ್ನು ಹುಟ್ಟಿಸುವ ತೊಂದರೆ ಯಾಕೆಂದು ನ್ಯಾಯಶಾಸ್ತ್ರದ ಹಳೆಯ ದೇವದತ್ತನನ್ನೇ ಕರೆದಿದ್ದೇವೆ. ಹಗಲು ಉಣ್ಣದೆಯೂ ದಪ್ಪಗಿದ್ದು ಪಂಡಿತರ ನಿದ್ದೆ ಕೆಡಿಸಿದವನು ಈತ. ಈಗ ಸಾಗರ ತಾಲ್ಲೂಕಿನಲ್ಲಿ ನಾಲ್ಕು ಎಕರೆ ಅಡಿಕೆ ತೋಟ ಮಾಡಿಕೊಂಡು ಹಗಲೂ ಉಣ್ಣುತ್ತಿದ್ದಾನೆ.

ಪೂರ್ವಪಕ್ಷ ಅಮೆರಿಕದವರದು. ಸಂವಿಧಾನದ 1791ರ ಎರಡನೇ ತಿದ್ದುಪಡಿಯೇ ಅವರಿಗೆ ಶ್ರುತಿ. 2008ರಲ್ಲಿ ಹೆಲ್ಲರ್ ಮೊಕದ್ದಮೆಯ ತೀರ್ಪು ಕೊಟ್ಟ ಸುಪ್ರೀಂ ಕೋರ್ಟೇ ಭಾಷ್ಯಕಾರ. ಆರಿಸಲು ಅಡ್ಡಿಯಿಲ್ಲದ ಮೇಲೆ ಜಗಳಕ್ಕೆಲ್ಲಿಯ ಅಡ್ಡಿ? ಗುಂಡಿನ ಅಳತೆಯ ಮೇಲೆ .45ರ ಮಠ, 9 ಎಂ.ಎಂ. ಮಠ ಎಂದು ಎರಡಾಗಿ ನಿಂತು ಅಲ್ಲಿನ ವಿದ್ವಾಂಸರು ತಲೆಮಾರುಗಳಿಂದ ವಾಕ್ಯಾರ್ಥ ನಡೆಸಿದ್ದಾರೆ. ಮೂಲಪ್ರಶ್ನೆ ಒಂದೇ: ಗುಂಡು ತಿಂದವನು ಬೀಳುತ್ತಾನೋ, ಇಲ್ಲವೋ? ಫಿಲಿಪ್ಪೀನ್ಸಿನ ಮೋರೋ ಯೋಧರು .38 ಗುಂಡು ತಿಂದೂ ಕತ್ತಿ ಹಿಡಿದು ಮೇಲೇರಿ ಬರುತ್ತಾರೆಂಬ ದೂರು ಅಲ್ಲಿ ಕಾದುತ್ತಿದ್ದ ಅಮೆರಿಕದ ಸೈನ್ಯದಿಂದ ಬಂತು. ಥಾಂಪ್ಸನ್ ಎಂಬ ಸೇನಾಧಿಕಾರಿ, ಲಗಾರ್ಡ್ ಎಂಬ ಸೇನಾವೈದ್ಯ, ಇಬ್ಬರೂ 1904ರಲ್ಲಿ ಷಿಕಾಗೋದ ಕಸಾಯಿಖಾನೆಯ ದನಗಳ ಮೇಲೂ ಮನುಷ್ಯರ ಹೆಣಗಳ ಮೇಲೂ ಗುಂಡು ಹಾರಿಸಿ ನೋಡಿ, .45ಕ್ಕಿಂತ ಚಿಕ್ಕದು ಆಗದು ಎಂದು ಸಿದ್ಧಾಂತ ಮಾಡಿದರು. ದನಗಳ ಅಭಿಪ್ರಾಯ ದಾಖಲಾಗಿಲ್ಲ. 1911ರಲ್ಲಿ ಬ್ರೌನಿಂಗ್ ಮಹಾಶಯ ರೂಪಿಸಿದ .45 ಪಿಸ್ತೂಲು ಸೈನ್ಯದ ಸೊಂಟ ಸೇರಿತು. 1985ರಲ್ಲಿ ಅದೇ ಸೈನ್ಯ 9 ಎಂ.ಎಂ.ಗೆ ಮತಾಂತರವಾಯಿತು. ಮರುವರ್ಷವೇ ಮಯಾಮಿಯಲ್ಲಿ ಎಫ್‌ಬಿಐನವರಿಗೂ ದರೋಡೆಕೋರರಿಗೂ ಗುಂಡಿನ ಕಾಳಗ ನಡೆದು, 9 ಎಂ.ಎಂ. ಗುಂಡು ಹೊಕ್ಕ ಮೇಲೂ ದರೋಡೆಕೋರನೊಬ್ಬ ಹೋರಾಡುತ್ತಲೇ ಉಳಿದ; ಇಬ್ಬರು ಏಜೆಂಟರು ಸತ್ತರು. ಎಫ್‌ಬಿಐ ಹೌಹಾರಿ ಮೊದಲು 10 ಎಂ.ಎಂ.ಗೆ, ಅದು ಕೈಗೆ ಭಾರವೆಂದು .40ಕ್ಕೆ, ಕಡೆಗೆ 2010ರ ದಶಕದಲ್ಲಿ ಮತ್ತೆ 9ಕ್ಕೇ ಬಂದು ಕೂತಿತು. ಗಾಣದ ಎತ್ತೂ ಇಷ್ಟು ಸುತ್ತಿದರೆ ಒಂದು ಡಬ್ಬಿ ಎಣ್ಣೆಯನ್ನಾದರೂ ಕೊಡುತ್ತಿತ್ತು.

ಸಿದ್ಧಾಂತ ನಮ್ಮದು. 1959ರ ಆಯುಧ ಕಾಯ್ದೆಯೂ 2016ರ ಆಯುಧ ನಿಯಮಗಳೂ ಈ ವಾದವನ್ನು ಬುಡಸಮೇತ ಕಿತ್ತುಹಾಕಿವೆ. 9 ಎಂ.ಎಂ., .45, .303, ಅಂದರೆ ಪೊಲೀಸರು ಮತ್ತು ಸೈನ್ಯ ಬಳಸುವ ಅಳತೆಗಳೆಲ್ಲ ನಿಷಿದ್ಧ. ವಿಹಿತವಾದದ್ದು .32. ಹೊರದೇಶದ ಪಿಸ್ತೂಲನ್ನು ಶೂಟಿಂಗ್ ಕ್ರೀಡಾಪಟುಗಳಲ್ಲದವರು ತರಿಸಿಕೊಳ್ಳುವ ದಾರಿ 80ರ ದಶಕದಲ್ಲೇ ಮುಚ್ಚಿಹೋಗಿದೆ. ಅದಕ್ಕೂ ಮುಂಚೆ ಬಂದ ವಾಲ್ತರುಗಳು ಸೈಟಿನ ರೇಟಿನಲ್ಲಿ ಕೈ ಬದಲಾಯಿಸುತ್ತವೆ. ಉಳಿದ ಗೃಹಸ್ಥರಿಗೆ ಬಹುಕಾಲ ಕಾನ್ಪುರವೇ ಕಾಶಿ. ಅಲ್ಲಿನ ಸರ್ಕಾರಿ ಕಾರ್ಖಾನೆಯ ರಿವಾಲ್ವರು ಬ್ರಿಟಿಷರ ವೆಬ್ಲಿಯ ಮೊಮ್ಮಗ, ಕೊರಳು ಮುರಿದಂತೆ ಮುಂದಕ್ಕೆ ಬಗ್ಗಿಸಿ ಆರು ತೋಟಾ ತುಂಬುವಂಥದ್ದು. 2014ರಲ್ಲಿ ಮಹಿಳೆಯರಿಗೆಂದು 'ನಿರ್ಭೀಕ್' ಬಂತು: ಟೈಟಾನಿಯಂ ಮಿಶ್ರಲೋಹ, ಅರ್ಧ ಕೆಜಿ ತೂಕ, ಸುಮಾರು 1.22 ಲಕ್ಷ ರೂಪಾಯಿ, ಮರೂನ್ ಬಣ್ಣದ ಒಡವೆ ಪೆಟ್ಟಿಗೆಯ ಸಮೇತ. ಹೆಣ್ಣಿನ ರಕ್ಷಣೆಯ ಪ್ರಶ್ನೆಯನ್ನು ಸರ್ಕಾರ ಯಾವ ಅಂಗಡಿಯಲ್ಲಿಟ್ಟು ನೋಡುತ್ತದೆಂಬುದಕ್ಕೆ ಆ ಪೆಟ್ಟಿಗೆಗಿಂತ ಒಳ್ಳೆಯ ಪ್ರಮಾಣ ನಮಗೆ ಸಿಕ್ಕಿಲ್ಲ. 2023ರಲ್ಲಿ ಬಂದ 'ಪ್ರಬಲ್' 50 ಮೀಟರ್ ದೂರ ಹೊಡೆಯುತ್ತದಂತೆ. ದೇವದತ್ತನ ಮನೆಯ ಜಗಲಿಯಿಂದ 50 ಮೀಟರಿಗೆ ನೆರೆಯ ಯಜ್ಞದತ್ತನ ಕೊಟ್ಟಿಗೆ ಸಿಗುತ್ತದೆ.

ಹೀಗೆ 'ಯಾವುದು' ಎಂಬ ಪ್ರಶ್ನೆ ಒಂದು ಪ್ಯಾರಾದಲ್ಲಿ ತೀರಿತು. ಗ್ರಂಥದ ತಿರುಳಿರುವುದು 'ಯಾಕೆ' ಎಂಬಲ್ಲಿ. ಫಾರಂ ಎ-1 ತುಂಬಿದವನು ತನಗೆ ಅಪಾಯವಿದೆಯೆಂದು ಸಿದ್ಧಪಡಿಸಬೇಕು. ಪ್ರತ್ಯಕ್ಷ ಪ್ರಮಾಣ ಇಲ್ಲಿ ಕೆಲಸಕ್ಕೆ ಬಾರದು. ಅಪಾಯ ಪ್ರತ್ಯಕ್ಷವಾದ ಮೇಲೆ ಅರ್ಜಿಗೆ ರುಜು ಹಾಕಲು ಅರ್ಜಿದಾರನೇ ಇರಲಿಕ್ಕಿಲ್ಲ. ಅನುಮಾನವನ್ನು ಪೊಲೀಸರು ತಮಗಷ್ಟೇ ಮೀಸಲಿಟ್ಟುಕೊಂಡಿದ್ದಾರೆ. ಯಜ್ಞದತ್ತನ ಮನೆಯಲ್ಲಿ ಕಳುವಾಯಿತು, ನಾನೂ ಅಂಥವನೇ ಎಂಬ ಉಪಮಾನ ಹೂಡಿದರೆ, ಹಾಗಾದರೆ ಬಂದೂಕು ಬೇಕಾದದ್ದು ಯಜ್ಞದತ್ತನಿಗಲ್ಲವೆ ಎಂಬ ಖಂಡನೆ ಬರುತ್ತದೆ. ಉಳಿದದ್ದು ಶಬ್ದ, ಅಂದರೆ ಎಫ್‌ಐಆರ್ ಪ್ರತಿ. ತನಿಖೆಗೆ ಬಂದ ಹೆಡ್ ಕಾನ್‌ಸ್ಟೇಬಲ್ ಜಗಲಿಯಲ್ಲಿ ಕೂತು, ಕೊಟ್ಟ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು ಕೇಳಿದರು: "ಯಜಮಾನ್ರೇ, ನಿಮಗೆ ಶತ್ರುಗಳಿದಾರಾ?"

ಇದಕ್ಕೆ ಶಾಸ್ತ್ರದಲ್ಲಿ ಉಭಯತಃಪಾಶವೆಂದು ಹೆಸರು. ಇದ್ದಾರೆಂದರೆ, ಜಗಳವಿರುವವನ ಕೈಗೆ ಬಂದೂಕು ಕೊಟ್ಟರೆ ಶಾಂತಿಭಂಗ. ಇಲ್ಲವೆಂದರೆ, ಅಜಾತಶತ್ರುವಿಗೆ ಆಯುಧವೇಕೆ? ದೇವದತ್ತ ತಲೆ ತುರಿಸಿಕೊಂಡು, "ಒಂದು ಲೆಕ್ಕಕ್ಕೆ ಇದಾರೆ, ಇನ್ನೊಂದು ಲೆಕ್ಕಕ್ಕೆ ಇಲ್ಲ" ಎಂದ. ಜೈನರ ಸ್ಯಾದ್ವಾದವನ್ನು ಹೆಡ್ ಕಾನ್‌ಸ್ಟೇಬಲ್ಲರು ಯಥಾವತ್ತಾಗಿ ಬರೆದುಕೊಂಡು ಹೋದರು. (ಕೊಡಗಿನ ಓದುಗರು ಈ ಪ್ರಕರಣವನ್ನು ಬಿಟ್ಟು ಮುಂದೆ ಹೋಗಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕು ಪರವಾನಗಿಯಿಂದ ಇರುವ ವಿನಾಯಿತಿಯನ್ನು 2021ರಲ್ಲಿ ಹೈಕೋರ್ಟು ಎತ್ತಿಹಿಡಿದಿದೆ; ಅದರ ಅವಧಿ 2029ರವರೆಗೆ. ಕೈಲ್‌ಪೊಳ್ದು ಹಬ್ಬದ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವವರಿಗೆ ನಮ್ಮ ತರ್ಕ ಬೇಕಾಗಿಲ್ಲ.)

ಪರವಾನಗಿ ಕೈಗೆ ಬಂತೆಂದೇ ಇಟ್ಟುಕೊಳ್ಳೋಣ. ಈಗ ಗೋಪನವಿಧಿ. ಆಯುಧವನ್ನು ಹೋಲ್‌ಸ್ಟರಿನಲ್ಲೇ ಒಯ್ಯಬೇಕು, ಸಾರ್ವಜನಿಕವಾಗಿ ಝಳಪಿಸಕೂಡದು. ಪ್ರಬಲ್ ಬರಿದಾಗಿದ್ದರೂ 700 ಗ್ರಾಂ. ಎಲೆ ಅಡಿಕೆ ಸಂಚಿಯ ಭಾರಕ್ಕಷ್ಟೇ ಒಗ್ಗಿದ ಪಂಚೆ ಇದನ್ನು ಹೊರುವುದೆಂಬ ನೆಚ್ಚಿಗೆ ಬೇಡ. ಪ್ಯಾಂಟಿಗೆ ಸಿಕ್ಕಿಸಿದರೆ ದೇವದತ್ತನ ಹೊಟ್ಟೆ ಅದನ್ನು ಲೋಕದ ಕಣ್ಣಿನಿಂದ ಪೂರ್ತಿ ಮರೆಸುತ್ತದೆ, ದೇವದತ್ತನ ಕೈಯಿಂದಲೂ ಮರೆಸುತ್ತದೆ. ಆದರೆ ಇಲ್ಲಿ ಶಾಸ್ತ್ರವೊಂದು, ಆಚಾರವೊಂದು. ರಿವಾಲ್ವರ್ ಇದೆಯೆಂದು ನಾಲ್ಕು ಜನಕ್ಕೆ ಗೊತ್ತಾಗದಿದ್ದರೆ ಅಷ್ಟು ದುಡ್ಡು ಸುರಿದದ್ದು ಯಾಕೆ? ಆದ್ದರಿಂದ ಮದುವೆಮನೆಯಲ್ಲಿ ಊಟಕ್ಕೆ ಕೂರುವಾಗ ಜುಬ್ಬಾ ಒಂದಿಷ್ಟು ಮೇಲೆ ಸರಿಯುತ್ತದೆ, ಪಕ್ಕದ ಎಲೆಯವರು ನೋಡಿಯೂ ನೋಡದಂತೆ ಪಾಯಸ ಹಾಕಿಸಿಕೊಳ್ಳುತ್ತಾರೆ, ಸಂಜೆಯೊಳಗೆ ಸೀಮೆಗೆಲ್ಲ ಸುದ್ದಿ. ಉತ್ತರದ ಕಡೆ ಕೆಲವರು ಇನ್ನೂ ಮುಂದೆ ಹೋಗಿ ಮದುವೆ ಚಪ್ಪರಕ್ಕೇ ಗುಂಡು ಹಾರಿಸಿ ಅತಿಥಿಗಳನ್ನು ಕೊಲ್ಲುತ್ತಿದ್ದುದರಿಂದ, 2019ರ ತಿದ್ದುಪಡಿ ಅದಕ್ಕೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡನ್ನೂ ಇಟ್ಟಿದೆ.

ಇನ್ನು ಗೃಹರಕ್ಷಣಾ ಪ್ರಕರಣ. ಭಾರತೀಯ ನ್ಯಾಯ ಸಂಹಿತೆಯ 41ನೇ ಕಲಮಿನ ಪ್ರಕಾರ, ಸೂರ್ಯಾಸ್ತದ ಮೇಲೆ, ಸೂರ್ಯೋದಯದ ಒಳಗೆ ಮನೆಗೆ ಕನ್ನ ಹಾಕಿದವನ ಪ್ರಾಣ ಹೋಗುವಷ್ಟರ ಮಟ್ಟಿಗೂ ಸ್ವರಕ್ಷಣೆಯ ಹಕ್ಕು ವಿಸ್ತರಿಸುತ್ತದೆ. ಕಳ್ಳನು ಪಂಚಾಂಗ ನೋಡಿ ಬರತಕ್ಕದ್ದು. ಆದರೆ 37ನೇ ಕಲಮು ಹಗ್ಗ ಹಿಡಿದು ಎಳೆಯುತ್ತದೆ: ಸರ್ಕಾರಿ ರಕ್ಷಣೆ ಕೇಳಲು ಸಮಯವಿದ್ದರೆ ಹಕ್ಕಿಲ್ಲ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. 112ಕ್ಕೆ ಫೋನ್ ಮಾಡಿದರೆ ಸಮಯವಿತ್ತೆಂದು ಒಪ್ಪಿಕೊಂಡಂತೆ. ಮಾಡದಿದ್ದರೆ ಯಾಕೆ ಮಾಡಲಿಲ್ಲವೆಂದು ವಕೀಲರು ಕೇಳುತ್ತಾರೆ.

ರಾತ್ರಿ ಎರಡು ಗಂಟೆ. ನಾಯಿ ಬೊಗಳಿತು. ದೇವದತ್ತ ಎದ್ದು ಕನ್ನಡಕಕ್ಕೆ ತಡಕಾಡಿದ. ರಿವಾಲ್ವರ್ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಹಿಂದೆ. ಬೀರುವಿನ ಬೀಗದಕೈ ಹೆಂಡತಿಯ ದಿಂಬಿನಡಿ. ಬಂದೂಕೂ ತೋಟಾವೂ ಒಂದೇ ಕಡೆ ಇರಬಾರದೆಂದು ಸುರಕ್ಷತಾ ತರಬೇತಿಯಲ್ಲಿ ಹೇಳಿದ್ದರಿಂದ, ಮಕ್ಕಳ ಕೈಗೆಟುಕದ ಜಾಗವೆಂದು ತೋಟಾ ದೇವರ ಕೋಣೆಯ ಮೇಲ್ಗೂಡಿನಲ್ಲಿ. ಸ್ನಾನವಾಗದೆ ಅಲ್ಲಿಗೆ ಕಾಲಿಡುವಂತಿಲ್ಲ. ಬಚ್ಚಲೊಲೆಗೆ ಉರಿ ಹಾಕುವುದೋ ಬೇಡವೋ ಎಂದು ಆತ ಮೀಮಾಂಸೆಯಲ್ಲಿದ್ದಾಗ ಹೆಂಡತಿ ಮಗ್ಗುಲು ಬದಲಿಸಿ, "ಹೊರಗಿನ ಲೈಟ್ ಹಾಕಿ, ಒಂದ್ಸಲ ಕೆಮ್ಮಿ, ಸಾಕು" ಎಂದಳು. ಹಾಕಿದ, ಕೆಮ್ಮಿದ. ತೋಟದಂಚಿನಲ್ಲಿ ಯಾವುದೋ ಓಡಿದ ಸದ್ದು. ಬೆಳಿಗ್ಗೆ ನೋಡಿದರೆ ಹಂದಿಯ ಹೆಜ್ಜೆ.

ಚುನಾವಣೆಯ ವಿಷಯ ಹೇಳದಿದ್ದರೆ ಗ್ರಂಥ ಅಪೂರ್ಣ. ದಿನಾಂಕ ಘೋಷಣೆಯಾದೊಡನೆ ಪರವಾನಗಿ ಆಯುಧಗಳನ್ನು ಠಾಣೆಗೆ ಒಪ್ಪಿಸಬೇಕೆಂಬ ಆದೇಶ ಹೊರಡುತ್ತದೆ. ಲೋಕಸಭೆ, ವಿಧಾನಸಭೆ, ಪಂಚಾಯ್ತಿ ಎಂದು ಬಂದೂಕು ಮೇಲಿಂದ ಮೇಲೆ ತವರಿಗೆ ಹೋಗುತ್ತದೆ. ಬೆಳೆ ಕಾಯಲು ಕೋವಿ ಇಟ್ಟುಕೊಂಡ ಮಲೆನಾಡು, ಕರಾವಳಿಯ ರೈತರು ಇದರ ವಿರುದ್ಧ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿದ್ದಾರೆ. ಮಂಗಗಳಿಗೆ ಮಾದರಿ ನೀತಿ ಸಂಹಿತೆ ಅನ್ವಯಿಸುವುದಿಲ್ಲ ಎಂಬುದು ಅವರ ಅಹವಾಲಿನ ಸಾರ.

ಇಷ್ಟೆಲ್ಲ ಊಹಿಸಿಕೊಂಡ ಮೇಲೆ ವಾಸ್ತವಕ್ಕೆ ಬರೋಣ. ಅರ್ಜಿ ಇನ್ನೂ ಡಿಸಿ ಕಚೇರಿಯಲ್ಲೇ ಇದೆ. ಅಲ್ಲಿಂದ ಒಂದು ಆಕ್ಷೇಪ ಬಂತು. ದೇವದತ್ತನ ಹೆಸರಿಗೆ ಆಗಲೇ ಅಜ್ಜನ ಕೇಪಿನ ಕೋವಿಯೂ ಅಪ್ಪನ ಡಬಲ್ ಬ್ಯಾರಲ್ಲೂ ಇವೆ. ಒಬ್ಬನಿಗೆ ಮೂರರ ಬದಲು ಎರಡೇ ಆಯುಧ ಎಂದು 2019ರ ತಿದ್ದುಪಡಿ ಇಳಿಸಿದೆ, ಪಿತ್ರಾರ್ಜಿತವೆಂದರೂ ಬಿಡುವುದಿಲ್ಲ. ರಿವಾಲ್ವರ್ ಬೇಕಾದರೆ ಒಂದನ್ನು ಬಿಟ್ಟುಕೊಡಬೇಕು. ಕೇಪಿನ ಕೋವಿ ಬಿಟ್ಟರೆ ಆಯುಧಪೂಜೆಗೆ ಅಜ್ಜನಿಲ್ಲ, ಡಬಲ್ ಬ್ಯಾರಲ್ ಬಿಟ್ಟರೆ ಮಂಗನಿಗೆ ಅಂಜಿಕೆಯಿಲ್ಲ. ಅಡಿಕೆ ಒಣಹಾಕಿದ ಅಂಗಳದಲ್ಲಿ ಕೂತು ದೇವದತ್ತ ಲೆಕ್ಕ ಹಾಕಿದ: ಹಂದಿ ವರ್ಷವೂ ಬಂದಿದೆ, ಮಂಗ ದಿನಾ ಬರುತ್ತದೆ, ಕಳ್ಳ ಒಮ್ಮೆಯೂ ಬಂದಿಲ್ಲ.

ಮರುದಿನ ಶಿವಮೊಗ್ಗದ ಬಸ್ಸು ಹತ್ತಿ ಕಚೇರಿಗೆ ಹೋಗಿ, ಅರ್ಜಿ ವಾಪಸ್ ತಗೋತೀನಿ ಎಂದ. ಗುಮಾಸ್ತರು ಕಡತ ಬಿಚ್ಚಿ, ಟ್ಯಾಗು ಸರಿಸಿ, ಒಂದೊಂದೇ ಹಾಳೆ ತಿರುವಿದರು.

"ಅಪಾಯ ಇದೆ ಅಂತ ಬರೆದು ಕೊಟ್ಟಿದೀರಲ್ಲ ಸಾರ್. ಈಗ ಇಲ್ಲ ಅನ್ನೋದಕ್ಕೆ ಏನು ದಾಖಲೆ ತಂದಿದೀರಿ?"