ಚಂದ್ರಿಕೆ-ಸರ್ವರ್ ಮೀಮಾಂಸೆ

ವಿದ್ವಜ್ಜನರ ಅವಗಾಹನೆಗೆ. ವೆಬ್‌ಸೈಟಿಗೆ ಹೋಸ್ಟಿಂಗ್ ಕಂಪನಿಯನ್ನು ಆರಿಸುವುದು ಹೇಗೆ ಎಂಬ ಗಹನ ಪ್ರಶ್ನೆಯನ್ನು ಇಷ್ಟು ದಿನ ಕಂಪ್ಯೂಟರ್ ಓದಿದವರ ಕೈಗೇ ಬಿಟ್ಟದ್ದರಿಂದ ಶಾಸ್ತ್ರಕ್ಕೆ ಆದ ನಷ್ಟ ಅಷ್ಟಿಷ್ಟಲ್ಲ. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಈ ಕುರಿತು ನಾಲ್ಕು ಪಂಥಗಳಿವೆ ಎಂಬುದು ಪ್ರಬಂಧಕಾರನ ಪ್ರತಿಪಾದನೆ. ನಾಲ್ಕರಲ್ಲಿ ಶಿಡ್ಲಘಟ್ಟ ಪಂಥವೇ ಮೂಲ, ಉಳಿದ ಮೂರು ಅದರ ಅಪಭ್ರಂಶ. ಚಿಂತಾಮಣಿಯವರು ಇದನ್ನು ಒಪ್ಪುವುದಿಲ್ಲ. ಬೇಡ, ಖಂಡನೆಯಿಲ್ಲದೆ ಯಾವ ಶಾಸ್ತ್ರ ಉದ್ಧಾರವಾಗಿದೆ?

ಮೊದಲು ಶಿಡ್ಲಘಟ್ಟ ಪಂಥದ ವಸ್ತುನಿರ್ದೇಶ. ರೇಷ್ಮೆ ಹುಳು ನಾಲ್ಕು ಜ್ವರ ಕಳೆದು, ಕೊನೆಯ ಹಂತದಲ್ಲಿ ವಾರದಷ್ಟು ಕಾಲ ಬಕಾಸುರನಂತೆ ಸೊಪ್ಪು ಮೇಯ್ದು ಹಣ್ಣಾಗುತ್ತದೆ. ಮೇವು ಬಿಟ್ಟು, ಮೈ ಹೊಳಪಾಗಿ, ತಲೆ ಎತ್ತಿ ಅತ್ತಿತ್ತ ಆಡಿಸುತ್ತ ಜಾಗ ಹುಡುಕುತ್ತದೆ. ಆಗ ಅದನ್ನು ಆಯ್ದು ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆಯೆಂದರೆ ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರು ತಟ್ಟಿ; ಅದರ ಮೇಲೆ ಸುರುಳಿಯಾಗಿ ಸುತ್ತಿ ಕಟ್ಟಿದ ಬಿದಿರು ಪಟ್ಟಿ. ಸ್ವಂತದ್ದು ಇಲ್ಲದವರು ಬಾಡಿಗೆಗೆ ತಂದು ಹುಳು ಮನೆಯ ಮುಂದೆ ಸಾಲಾಗಿ ನಿಲ್ಲಿಸುತ್ತಾರೆ. ಹುಳು ನಮ್ಮದು, ನೂಲು ನಮ್ಮದು, ತಟ್ಟಿ ಇನ್ನೊಬ್ಬರದು. ಇದಕ್ಕಿಂತ ಶುದ್ಧವಾದ ಹೋಸ್ಟಿಂಗ್ ಭೂಮಂಡಲದಲ್ಲಿಲ್ಲ.

ಈ ಪಂಥದ ಹಿರಿಯರೊಬ್ಬರು ಕ್ಷೇತ್ರಕಾರ್ಯದ ವೇಳೆ ಬೀಡಿ ಹಚ್ಚುತ್ತ ಪ್ರಥಮ ಸೂತ್ರವನ್ನು ದಯಪಾಲಿಸಿದರು: “ಹುಳ ಹಣ್ಣಾದ ಮೇಲೆ ಚಂದ್ರಿಕೆ ಹುಡುಕ್ಕಂಡು ಹೋದ್ರೆ ಅವ್ನು ಹೇಳಿದ್ದೇ ರೇಟು ಕಣಪ್ಪ.” ಭಾಷ್ಯ: ಹೋಸ್ಟಿಂಗ್ ಕಂಪನಿಗಳಿಗೂ ಇದು ಗೊತ್ತು. ಮೊದಲ ವರ್ಷ ತಿಂಗಳಿಗೆ ಕಾಫಿ ದುಡ್ಡಿಗೆ ಜಾಗ ಕೊಟ್ಟು, ಸೈಟು ಗೂಡು ಕಟ್ಟಿ ಕುಳಿತ ಮೇಲೆ ನವೀಕರಣದ ದರವನ್ನು ಎರಡು ಮೂರು ಪಟ್ಟು ಏರಿಸುವುದು ಅವುಗಳ ನಿತ್ಯಕರ್ಮ. ಆ ದರವೂ ಪುಟದಲ್ಲೇ ಇರುತ್ತದೆ, ಇರುವೆಗೆ ಓದಲು ಅನುಕೂಲವಾದ ಅಕ್ಷರದಲ್ಲಿ. ಅದರ ಮೇಲೆ ಶೇ. 18 ಜಿಎಸ್‌ಟಿ.

ದ್ವಿತೀಯ ಸೂತ್ರ ದಟ್ಟಣೆಯದು. ಒಂದು ಚಂದ್ರಿಕೆ ಸಾವಿರದ ಆಸುಪಾಸಿನಲ್ಲಿ ಹುಳು ಹಿಡಿಯುತ್ತದೆ. ಮೇಲಿಂದ ಮೇಲೆ ಸುರಿದರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ. ಆ ಜೋಡಿ ಗೂಡಿನಿಂದ ನೂಲು ನೆಟ್ಟಗೆ ಬಿಚ್ಚುವುದಿಲ್ಲ, ನೂಲು ಬಿಚ್ಚುವ ರೀಲರ್ ಅದನ್ನು ಮೂಸಿಯೂ ನೋಡುವುದಿಲ್ಲ. ಶೇರ್ಡ್ ಹೋಸ್ಟಿಂಗಿನಲ್ಲಿ ಒಂದೇ ಸರ್ವರಿಗೆ ನೂರಾರು ಸೈಟು ಸುರಿದು ‘ಅನ್‌ಲಿಮಿಟೆಡ್’ ಎಂದು ಬೋರ್ಡು ಹಾಕುವವರಿಗೆ ಈ ಜ್ಞಾನವಿಲ್ಲ. ಅವರ ಅನಂತಕ್ಕೂ ಅಂತವಿದೆ: ಇಷ್ಟೇ ಫೈಲು, ಇಷ್ಟೇ ಸಿಪಿಯು. ಮೀರಿದರೆ ಸೈಟು ಬಂದ್. ಇನ್ನು ಸೋಂಕು. ಹಿಂದಿನವರ ಹುಳಕ್ಕೆ ರೋಗವಿದ್ದ ಚಂದ್ರಿಕೆಯನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆಯದೆ ತಂದರೆ ನಮ್ಮ ಬೆಳೆಯೂ ಹೋಯಿತು. ಹಾಗೆಯೇ ಪಕ್ಕದ ಸೈಟಿನವನು ಕಸದ ಮೇಲ್ ಕಳಿಸಿ ಐಪಿ ವಿಳಾಸ ಕಪ್ಪುಪಟ್ಟಿಗೆ ಸೇರಿದರೆ, ಪಾಪ, ನಮ್ಮ ಆಹ್ವಾನಪತ್ರಿಕೆಯೂ ಸ್ಪ್ಯಾಮ್ ಡಬ್ಬಿಗೇ. ಇದನ್ನು ತಾಳಲಾಗದವರು ವಿಪಿಎಸ್ (ಸರ್ವರಿನಲ್ಲೇ ಬೇರ್ಪಡಿಸಿದ ಪಾಲು) ಹಿಡಿಯುತ್ತಾರೆ. ಅಲ್ಲಿ ಪಾಲು ನಮ್ಮದೇ, ತೊಳೆಯುವ ಕೆಲಸವೂ ನಮ್ಮದೇ.

ಶೇ. 99.9 ಅಪ್‌ಟೈಮ್ ಎಂಬ ಮಂತ್ರದ ಅರ್ಥವನ್ನೂ ಈ ಪಂಥ ಬಿಡಿಸಿದೆ. ವರ್ಷಕ್ಕೆ ಎಂಟೂ ಮುಕ್ಕಾಲು ಗಂಟೆ ಸರ್ವರ್ ಮಲಗಬಹುದು, ಮಾತು ತಪ್ಪಿದಂತಲ್ಲ. ಶೇ. 99 ಎಂದರೆ ಮೂರೂವರೆ ದಿನಕ್ಕೂ ಹೆಚ್ಚು. ಯಾವ ಗಂಟೆ ಎಂದು ಮಾತ್ರ ಕರಾರಿನಲ್ಲಿಲ್ಲ. ಗೂಡಿನ ಇ-ಹರಾಜಿನಲ್ಲಿ ರೀಲರ್‌ಗಳು ಮೊಬೈಲಿನಲ್ಲಿ ಬಿಡ್ ಕೂಗುವ ಹೊತ್ತಿಗೇ ಆ ಗಂಟೆ ಬಂದರೆ? ಗೂಡಿನೊಳಗಿನ ಜೀವ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆಯಾಗಿ ಕೊರೆದು ಬರುತ್ತದೆ. ಸರ್ವರ್ ಡೌನ್ ಆಗಿದೆ ಎಂದು ಅದಕ್ಕೆ ಎಸ್ಸೆಮ್ಮೆಸ್ ಕಳಿಸುವ ವ್ಯವಸ್ಥೆ ಇನ್ನೂ ಬಂದಿಲ್ಲ.

ಗೌರಿಬಿದನೂರು ಪಂಥ ಕೇಳಿಸಿಕೊಳ್ಳುವವರದು. 1965ರಿಂದ ಅಲ್ಲಿನ ಭೂಕಂಪಮಾಪಕಗಳು ದೂರದೇಶದ ಪರಮಾಣು ಸ್ಫೋಟದ ನಡುಕವನ್ನೂ ಹಿಡಿಯುತ್ತಿವೆ. ಸಾವಿರ ಡೈಪೋಲ್‌ಗಳ ರೇಡಿಯೊ ದೂರದರ್ಶಕ ಆಕಾಶಕ್ಕೆ ಕಿವಿಗೊಟ್ಟದ್ದು 34.5 ಮೆಗಾಹರ್ಟ್ಸ್‌ನಲ್ಲಿ. ಈ ಪಂಥದ ಪ್ರಶ್ನೆ ಒಂದೇ: ಸರ್ವರ್ ಎಲ್ಲಿದೆ? ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ಮುಂಬಯಿಗೆ ಹೋಗಿಬರಲು ಹತ್ತು ಮಿಲಿಸೆಕೆಂಡಿನ ಆಸುಪಾಸು ಸಾಕು, ಅಮೆರಿಕದ ಪೂರ್ವತೀರಕ್ಕೆ ನೂರನಲವತ್ತಾದರೂ ಬೇಕು. ಓದುಗರು ಬಾಗೇಪಲ್ಲಿಯಲ್ಲಿರುವಾಗ ಪುಟವನ್ನು ವರ್ಜೀನಿಯಾದಲ್ಲಿ ಇಡುವುದು ಯಾವ ಪುರುಷಾರ್ಥಕ್ಕೆ? ಆದರೆ ಆ ದೂರದರ್ಶಕ ಹಿಡಿದ ಸಂಕೇತಗಳಲ್ಲಿ ಹೊರಟು ಸಾವಿರಾರು ವರ್ಷವಾದವೂ ಇವೆ. ಆದ್ದರಿಂದ ಸೈಟು ನಿಧಾನ ಎಂದು ಗೊಣಗುವ ನೈತಿಕ ಹಕ್ಕು ಈ ತಾಲ್ಲೂಕಿನವರಿಗಿಲ್ಲವೆಂದು ಶಿಡ್ಲಘಟ್ಟದವರ ಆಕ್ಷೇಪ.

ದೂರದ ಜೊತೆಗೆ ಪುಟದ ತೂಕವೂ ಲೆಕ್ಕಕ್ಕೆ ಬರುವುದರಿಂದ ಇಲ್ಲೊಂದು ತೂಕದ ಪ್ರಕರಣ. ಯೂನಿಕೋಡಿನ ಯುಟಿಎಫ್-8ರಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಚಿಹ್ನೆಗೆ ಮೂರು. ಗುಣಿತ, ಒತ್ತು ಎಲ್ಲವನ್ನೂ ಎಣಿಸಿದಾಗ ಚಿಂತಾಮಣಿ 24 ಬೈಟ್, ಶಿಡ್ಲಘಟ್ಟ 27, ಗೌರಿಬಿದನೂರು 33, ಚಿಕ್ಕಬಳ್ಳಾಪುರ 39. ಜಿಲ್ಲಾ ಕೇಂದ್ರ ಅಲ್ಲಿಗೇ ಏಕೆ ಹೋಯಿತೆಂಬ ಹಳೆಯ ವಿವಾದ ಇದರಿಂದ ಇತ್ಯರ್ಥವಾದಂತಾಯಿತು.

ಚಿಂತಾಮಣಿ ಪಂಥ ಮಂಡಿಯಲ್ಲಿ ಹುಟ್ಟಿದ್ದು. ಟೊಮೆಟೊ ಕ್ರೇಟಿನ ಮುಂದೆ ನಿಂತು ಕಲಿತ ತರ್ಕವನ್ನು ಅದು ಕಂಪನಿಯ ಚಾಟ್ ಕಿಟಕಿಗೆ ಪ್ರಯೋಗಿಸುತ್ತದೆ: “ಕೊನೇ ರೇಟು ಹೇಳಣ್ಣ.” ಅತ್ತಲಿಂದ ಬಾಟ್, “ನಿಮ್ಮ ಪ್ರಶ್ನೆ ನಮಗೆ ಅಮೂಲ್ಯ” ಎನ್ನುತ್ತದೆ. ನಡುರಾತ್ರಿ ಸೈಟು ಬಿದ್ದರೆ ಉತ್ತರ ಕೊಡುವವರು ಮನುಷ್ಯರೋ ಅಲ್ಲವೋ ಎಂಬುದು ದುಡ್ಡು ಕಟ್ಟುವ ಮೊದಲೇ ಗೊತ್ತಾಗುವುದು ಈ ಪಂಥದ ಏಕೈಕ ಲಾಭ, ದೊಡ್ಡ ಲಾಭ.

ಬ್ಯಾಕಪ್ ವಿಷಯದಲ್ಲಿ ಮಾತ್ರ ನಾಲ್ಕೂ ಪಂಥಗಳಿಗೆ ಒಮ್ಮತ: ನಾಳೆ ನೋಡೋಣ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಐದಂತಸ್ತಿನ ಡೇಟಾ ಸೆಂಟರ್ ಸುಟ್ಟು ಕರಕಲಾಯಿತು. ನಕಲನ್ನೂ ಅಲ್ಲೇ ಇಟ್ಟಿದ್ದವರಿಗೆ ಎರಡೂ ಒಟ್ಟಿಗೆ ಹೋದವು. ಇದನ್ನು ಕೇಳಿ ಎಲ್ಲ ಪಂಥದವರೂ ಲೊಚಗುಟ್ಟಿದರು.

ಕಡೆಯದು ಚಿಕ್ಕಬಳ್ಳಾಪುರ ಪಂಥ. ಬೆಂಗಳೂರಿಗೆ ಒಂದೂವರೆ ಗಂಟೆಯ ದಾರಿಯಾದ್ದರಿಂದ ಇದರಲ್ಲಿ ಆಯ್ಕೆಯ ಪ್ರಶ್ನೆಯೇ ಬರುವುದಿಲ್ಲ. “ನಮ್ಮ ಅಳಿಯಂದಿರು ಐಟೀಲಿದಾರೆ, ಅವರೇ ನೋಡ್ಕೋತಾರೆ.” ಅಳಿಯಂದಿರು ಹಬ್ಬಕ್ಕೆ ಬಂದು ಹೋಳಿಗೆ ಉಂಡು, ಡೊಮೈನನ್ನು ತಮ್ಮ ಹೆಸರಲ್ಲಿ, ತಮ್ಮ ಮೇಲ್ ಐಡಿಗೆ, ತಮ್ಮ ಕಾರ್ಡಿನಲ್ಲಿ ಕೊಂಡು ಹೋಗುತ್ತಾರೆ. ಮೂರನೇ ವರ್ಷಕ್ಕೆ ಕಾರ್ಡಿನ ಅವಧಿ ಮುಗಿಯುತ್ತದೆ. ಡೊಮೈನಿನ ಅವಧಿಯೂ ಮುಗಿದು, ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನದ ಗಡುವು ಶುರುವಾಗುತ್ತದೆ. ಬಿಡಿಸಿ ಬೇರೆ ಕಂಪನಿಗೆ ಒಯ್ಯಲು ಒಂದು ಕೋಡ್ ಬೇಕು. ಅದು ಬರುವುದು ಅಳಿಯಂದಿರ ಮೇಲ್‌ಗೆ. ಪ್ರಸ್ತುತ ಸಂಶೋಧನೆ ಇಲ್ಲಿಗೆ ನಿಂತಿದೆ: ಅವರು ಮಾವನವರ ಫೋನ್ ಎತ್ತುತ್ತಿಲ್ಲ, ಕೇಳೋಣವೆಂದರೆ ಮಗಳು ಆಷಾಢಕ್ಕೂ ಬಂದಿಲ್ಲ.