ಎರಡು ಇಂಚಿನ ಔನ್ನತ್ಯ

ಭಾರ ಹೊರುವ ವಾಹನವು ನೆಲದಿಂದ ಎಷ್ಟು ಎತ್ತರದಲ್ಲಿರಬೇಕು ಎಂಬ ಪ್ರಶ್ನೆಗೆ ಅದನ್ನು ತಯಾರಿಸಿದ ಎಂಜಿನಿಯರುಗಳ ಬಳಿ ಒಂದು ಉತ್ತರವೂ ಅದನ್ನು ಸಾಲ ಮಾಡಿ ಕೊಂಡ ಮಾಲೀಕರ ಬಳಿ ಇನ್ನೊಂದು ಉತ್ತರವೂ ಇರುತ್ತವೆ. ಈ ಎರಡು ಉತ್ತರಗಳ ನಡುವಿನ ವ್ಯತ್ಯಾಸವು ಸಾಮಾನ್ಯವಾಗಿ ಎರಡು ಇಂಚು. ಆ ಎರಡು ಇಂಚನ್ನು ಒದಗಿಸಿಕೊಡುವ ವಿದ್ಯೆಗೆ ಸಸ್ಪೆನ್ಷನ್ ಲಿಫ್ಟ್ ಎಂದು ಹೆಸರು. ಗಾಲಿಗಳಿಗೂ ಚಾಸಿ ಎನ್ನಲಾಗುವ ವಾಹನದ ಉಕ್ಕಿನ ಚೌಕಟ್ಟಿಗೂ ನಡುವೆ ನಿಂತು ರಸ್ತೆಯ ಪೆಟ್ಟನ್ನೆಲ್ಲ ತಾವೇ ತಿನ್ನುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಮೊದಲಾದ ಅಂಗಗಳ ಸಮೂಹವೇ ಸಸ್ಪೆನ್ಷನ್. ಆ ಅಂಗಗಳನ್ನು ಬದಲಿಸಿಯೋ, ಉದ್ದ ಮಾಡಿಯೋ, ಅವುಗಳ ಸಂದಿಯಲ್ಲಿ ಕಬ್ಬಿಣದ ತುಂಡನ್ನು ಸೇರಿಸಿಯೋ ಚಾಸಿಯನ್ನು ಮೇಲೆತ್ತುವುದು ಲಿಫ್ಟ್. ಪ್ರಸ್ತುತ ವಿವೇಚನೆಯು ಎಂಜಿನ್ನಿನ ಬಲವು ಹಿಂದಿನ ಎರಡು ಗಾಲಿಗಳಿಗೆ ಮಾತ್ರ ತಲುಪುವ ಪಿಕಪ್ ವಾಹನಕ್ಕೆ ಸೀಮಿತವಾಗಿದೆ. ನಾಲ್ಕೂ ಗಾಲಿಗಳಿಂದ ಎಳೆಯುವ ವಾಹನಗಳನ್ನು ಎತ್ತುವುದಕ್ಕೆ ಏನಾದರೊಂದು ಕಾರಣ ಕೊಡಬಹುದಾದ್ದರಿಂದ ಅದು ಲಲಿತ ಪ್ರಬಂಧದ ವಸ್ತುವಾಗಲಾರದು.

ಈ ವಿದ್ಯೆಯನ್ನು ಪರಿಶೀಲಿಸಲು ಕೊಪ್ಪಳ ಜಿಲ್ಲೆಯ ಕಾರಟಗಿಗಿಂತ ಉತ್ತಮವಾದ ಕ್ಷೇತ್ರ ದೊರೆಯುವುದು ಕಷ್ಟ. ಮೊದಲು ಗಂಗಾವತಿ ತಾಲ್ಲೂಕಿಗೆ ಸೇರಿದ್ದು ಈಗ ಸ್ವತಃ ತಾಲ್ಲೂಕಾಗಿರುವ ಈ ಊರು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಬೆಳೆದದ್ದು. 1953ರಲ್ಲಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಜೋಳ, ಸಜ್ಜೆ ಬೆಳೆಯುತ್ತಿದ್ದ ಎರೆಭೂಮಿಯು ಭತ್ತದ ಗದ್ದೆಯಾಗಿ, ಗದ್ದೆಗಳ ಹಿಂದೆ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳೂ ಕ್ಯಾಂಪುಗಳ ಹಿಂದೆ ಅಕ್ಕಿ ಗಿರಣಿಗಳೂ ಬಂದವು. ಎರೆಮಣ್ಣಿನಲ್ಲಿರುವ ಒಂದು ಬಗೆಯ ಜೇಡಿಯು ನೀರು ಕುಡಿದಾಗ ಉಬ್ಬಿ ಒಣಗಿದಾಗ ಕುಗ್ಗುವುದರಿಂದ, ಅದರ ಮೇಲೆ ಹಾಕಿದ ರಸ್ತೆಯು ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಅಲೆಯೇಳುತ್ತದೆ. ಇದು ಸಾಲದೆಂಬಂತೆ, ಗದ್ದೆಯ ರಾಡಿ ತುಳಿಯಲು ಟ್ರ್ಯಾಕ್ಟರಿಗೆ ಕಟ್ಟುವ ಕೇಜ್‌ವೀಲ್ ಎಂಬ ಕಬ್ಬಿಣದ ಹಲ್ಲಿನ ಗಾಲಿಗಳನ್ನು ಬಿಚ್ಚುವ ಬೇಸರಕ್ಕೆ ಚಾಲಕರು ಅವುಗಳ ಸಮೇತ ಡಾಂಬರಿನ ಮೇಲೆ ಹೋಗಿಬಿಡುವುದುಂಟು. ಹೀಗೆ ಟ್ರ್ಯಾಕ್ಟರು ರಸ್ತೆಯನ್ನು ಕೆಳಗಿಳಿಸುತ್ತದೆ, ಅದಕ್ಕೆ ಪ್ರತಿಯಾಗಿ ಪಿಕಪ್ ಮೇಲೇರುತ್ತದೆ.

ಪಿಕಪ್ ಎತ್ತಿಸುವವರನ್ನು ಸ್ಥೂಲವಾಗಿ ಭಾರವಾದಿಗಳೆಂದೂ ರೂಪವಾದಿಗಳೆಂದೂ ವಿಂಗಡಿಸಬಹುದು. ಭಾರವಾದಿಯು ಎತ್ತರವನ್ನು ಬಯಸುವವನಲ್ಲ. ಅವನ ವಾಹನವು ಭತ್ತದ ಚೀಲಗಳ ಅಡಿಯಲ್ಲಿ ಕುಳಿತುಬಿಡದಿದ್ದರೆ ಅವನಿಗೆ ಸಾಕು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ದರವನ್ನು 75 ಕಿಲೋದ ಚೀಲಕ್ಕೆ ಇಂತಿಷ್ಟು ಎಂದು ಹೇಳುವುದು ರೂಢಿ. ಮಹೀಂದ್ರ ಬೊಲೆರೊ ಪಿಕಪ್ಪಿನ ಪ್ರಸಿದ್ಧ ಮಾದರಿಯೊಂದು ತಾನು ಹೊರಬಲ್ಲ ಭಾರ 1.7 ಟನ್ ಎಂದು ತನ್ನ ಹೆಸರಿನಲ್ಲೇ ಹೇಳಿಕೊಂಡಿರುವುದರಿಂದ, ಅದಕ್ಕೆ ಧರ್ಮಸಮ್ಮತವಾಗಿ 22 ಚೀಲ ಹೇರಬಹುದು. 23ನೆಯ ಚೀಲ ಹತ್ತಿದೊಡನೆ 25 ಕಿಲೋದಷ್ಟು ಅಧರ್ಮ ಆರಂಭವಾಗುತ್ತದೆ. ಆದರೆ 2022ರ ಜುಲೈಯಲ್ಲಿ 25 ಕಿಲೋವರೆಗಿನ ಪ್ಯಾಕೆಟ್ ಅಕ್ಕಿಗೆ ಶೇಕಡಾ 5ರ ಜಿಎಸ್‌ಟಿ ಬಂದಾಗ 26 ಕಿಲೋದ ಚೀಲಗಳನ್ನು ಹೊಲಿಸಿದ ವ್ಯಾಪಾರದಲ್ಲಿ ಮಿತಿಯೆಂಬುದನ್ನು ಯಾರೂ ಗೋಡೆಯೆಂದು ತಿಳಿಯುವುದಿಲ್ಲ, ಆಚೆ ಕಾಲಿಡಬೇಕಾದ ಹೊಸ್ತಿಲೆಂದೇ ತಿಳಿಯುತ್ತಾರೆ. ಆದ್ದರಿಂದ ಹೊಸ ಗಾಡಿ ಶೋರೂಮಿನಿಂದ ನೇರವಾಗಿ ಗುಡಿಗೆ ಹೋಗಿ, ಪೂಜೆ ಮುಗಿಸಿ, ನಿಂಬೆಹಣ್ಣು ತುಳಿದು, ಅಲ್ಲಿಂದ ಪಾಟಾ ಎಂಬ ಪಟ್ಟಿಗಳ ಸ್ಪ್ರಿಂಗನ್ನು ಕೂಡಿಸುವ ಮಿಸ್ತ್ರಿಯ ಅಂಗಡಿಗೆ ಬರುತ್ತದೆ. ‘ಮಿಸ್ತ್ರಿ, ಲೋಡ್ ಹಾಕಿದ್ರ ಗಾಡಿ ಕುಂದರಬಾರ್ದು ನೋಡ್ರಿ’ ಎಂಬುದು ಈ ಪಂಥದ ಏಕೈಕ ಸೂತ್ರ. ಸೂತ್ರಕ್ಕೆ ಭಾಷ್ಯವಾಗಿ ಮಿಸ್ತ್ರಿಯು ‘ಎಷ್ಟ್ ಚೀಲ ಹಾಕ್ತೀರಿ?’ ಎಂದು ಕೇಳುತ್ತಾನೆ. ಬರುವ ಉತ್ತರ ಎಂದಿಗೂ 22 ಆಗಿರುವುದಿಲ್ಲ.

ರೂಪವಾದಿಯ ದರ್ಶನ ಬೇರೆ. ಅವನ ಗಾಡಿಯ ಹಿಂದೆ ಚೀಲಕ್ಕಿಂತ ಹೆಚ್ಚಾಗಿ ಸ್ಪೀಕರುಗಳಿರುತ್ತವೆ, ಮುಂದೆ ಎದುರಿನವನ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳಿರುತ್ತವೆ, ಹಿಂಬದಿಯ ಹಲಗೆಯ ಮೇಲೆ ತಾಯಿಯ ಆಶೀರ್ವಾದವೂ ರೈತನ ಮಗನೆಂಬ ಘೋಷಣೆಯೂ ಇರುತ್ತವೆ. ಈತನ ಅಭಿರುಚಿಯನ್ನು ಕಾರಟಗಿಯ ವಿಶೇಷವೆಂದು ಭಾವಿಸುವುದು ತಪ್ಪಾದೀತು. ಮೆಕ್ಸಿಕೋದ ಬಾಹಾ ಮರುಭೂಮಿಯಲ್ಲಿ 1967ರಿಂದ ನಡೆಯುತ್ತಿರುವ ವಾಹನಗಳ ಓಟದ ಸ್ಪರ್ಧೆಗೆ ಮುನ್ನ ದಾರಿಯನ್ನು ನೋಡಿಕೊಂಡು ಬರಲು ಬಳಸುತ್ತಿದ್ದ ಗಟ್ಟಿ ವಾಹನಗಳಿಗೆ ಪ್ರಿರನ್ನರ್ ಎಂಬ ಹೆಸರಿತ್ತು. ಟೊಯೊಟಾ ಕಂಪನಿಯು 1998ರ ಮಾದರಿಯಾಗಿ ಅದೇ ಹೆಸರಿನಲ್ಲಿ ಅಮೆರಿಕದಲ್ಲಿ ಮಾರಿದ ಟಕೋಮಾ ಪಿಕಪ್ ನೋಡಲು, ನಿಲ್ಲಲು ನಾಲ್ಕು ಗಾಲಿಯ ಎಳೆತದ ವಾಹನದಷ್ಟೇ ಎತ್ತರವಾಗಿದ್ದು, ಎಳೆಯುವಾಗ ಮಾತ್ರ ಹಿಂದಿನ ಎರಡನ್ನೇ ನಂಬಿತ್ತು. ಭಾರತದಲ್ಲಿಯೂ ಇಸುಝು ಕಂಪನಿ 2021ರಲ್ಲಿ ತಂದ ಹೈ-ಲ್ಯಾಂಡರ್ ಇದೇ ಗೋತ್ರದ್ದು. ದೊಡ್ಡ ಕಂಪನಿಗಳೇ ಕಾರ್ಖಾನೆಯಲ್ಲಿ ಎತ್ತಿ ಮಾರುವಾಗ ಕಾರಟಗಿಯ ಯುವಕನು ಗ್ಯಾರೇಜಿನಲ್ಲಿ ಎತ್ತಿಸಿದರೆ ಅದನ್ನು ಹುಚ್ಚು ಎನ್ನುವುದಕ್ಕಿಂತ ಚಿಲ್ಲರೆ ವ್ಯಾಪಾರ ಎನ್ನುವುದು ಸರಿ.

ಎತ್ತುವ ವಿಧಾನಗಳನ್ನು ತಿಳಿಯುವ ಮೊದಲು ಪಾಟಾದ ಸ್ವರೂಪವನ್ನು ತಿಳಿಯಬೇಕು. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಉದ್ದದ್ದು ಮೇಲೆ, ಗಿಡ್ಡದ್ದು ಕೆಳಗೆ ಬರುವಂತೆ ಜೋಡಿಸಿ ಬಿಗಿದ ಕಟ್ಟೇ ಪಾಟಾ. ಬಸ್ಸು ನಡುದಾರಿಯಲ್ಲಿ ನಿಂತಾಗ ಕಂಡಕ್ಟರು ‘ಬ್ಲೇಡ್ ಕಟ್ ಆಗೈತಿ’ ಎನ್ನುವುದು ಇದರಲ್ಲಿನ ಒಂದು ಪಟ್ಟಿಯನ್ನು ಕುರಿತೇ. ಲಂಡನ್ನಿನ ಸಾರೋಟು ತಯಾರಕ ಒಬಡಾಯಾ ಎಲಿಯಟ್ 1804ರಲ್ಲಿ ಇಂಥ ಬಿಲ್ಲುಗಳನ್ನು ಸಾರೋಟಿಗೆ ಕೂಡಿಸಲು ಪೇಟೆಂಟ್ ಪಡೆದನು. ಅದಕ್ಕೂ ಮೊದಲೇ ರಾಬರ್ಟ್ ಹುಕ್ ಎಂಬ ವಿಜ್ಞಾನಿ, ಸ್ಪ್ರಿಂಗಿನ ಮೇಲೆ ಹೇರಿದ ಭಾರಕ್ಕೆ ತಕ್ಕಷ್ಟೇ ಅದು ಹಿಗ್ಗುತ್ತದೆಂಬ ನಿಯಮವನ್ನು ಕಂಡುಹಿಡಿದು, ಬೇರೆಯವರು ಕದ್ದಾರೆಂಬ ಭಯದಿಂದ 1676ರಲ್ಲಿ ಅಕ್ಷರಗಳನ್ನು ಅಕಾರಾದಿಯಾಗಿ ಕಲಸಿದ ಒಗಟಿನ ರೂಪದಲ್ಲಿ ಪ್ರಕಟಿಸಿ, 1678ರಲ್ಲಷ್ಟೇ ಅದನ್ನು ಬಿಡಿಸಿ ಹೇಳಿದನು. ಕಾರಟಗಿಯ ಮಿಸ್ತ್ರಿಯು ಈ ಜ್ಞಾನವನ್ನು ಎರಡು ವರ್ಷ ಮುಚ್ಚಿಡುವುದಿಲ್ಲ. ಚಹಾ ಬರುವಷ್ಟರಲ್ಲಿ, ಒಂದು ಪಟ್ಟಿ ಹೆಚ್ಚು ಹಾಕಿದರೆ ಎಷ್ಟು ಚೀಲಕ್ಕೆ ಗಾಡಿ ಎಷ್ಟು ಬಗ್ಗುತ್ತದೆಂದು ಬೆರಳಿನಲ್ಲಿ ತೋರಿಸುತ್ತಾನೆ. ಒಂದೇ ದಪ್ಪದ ಐದು ಪಟ್ಟಿಗಳಿಗೆ ಆರನೆಯದು ಸೇರಿದರೆ ಪಾಟಾದ ಬಿಗಿ ಸುಮಾರು ಶೇಕಡಾ 20ರಷ್ಟು ಏರುತ್ತದೆ ಎಂದು ಲೆಕ್ಕ ಹೇಳುತ್ತದೆ. ಗಾಡಿ ಖಾಲಿ ಇರುವಾಗಲೂ ಆ ಬಿಗಿ ಅಷ್ಟೇ ಇರುತ್ತದೆ ಎಂಬುದನ್ನು ಚಾಲಕನ ಬೆನ್ನುಮೂಳೆ ಹೇಳುತ್ತದೆ.

ಪಟ್ಟಿ ಸೇರಿಸುವುದಲ್ಲದೆ ಇನ್ನೂ ಎರಡು ಮಾರ್ಗಗಳು ಬಳಕೆಯಲ್ಲಿವೆ. ಪಾಟಾದ ಒಂದು ತುದಿಯನ್ನು ಚಾಸಿಗೆ ತೂಗುಹಾಕುವ ಶಾಕಲ್ ಎಂಬ ಕೊಂಡಿಯನ್ನು ಉದ್ದ ಮಾಡಬಹುದು, ಆದರೆ ಪಾಟಾದ ಇನ್ನೊಂದು ತುದಿ ಇದ್ದಲ್ಲಿಯೇ ಇರುವುದರಿಂದ ಕೊಂಡಿ ನಾಲ್ಕು ಇಂಚು ಬೆಳೆದರೆ ಗಾಡಿ ಎರಡೇ ಇಂಚು ಬೆಳೆಯುತ್ತದೆ. ಇಲ್ಲವೇ ಹಿಂದಿನ ಎರಡು ಗಾಲಿಗಳನ್ನು ಜೋಡಿಸುವ ಆಕ್ಸಲ್ ಎಂಬ ಅಚ್ಚಿಗೂ ಪಾಟಾಕ್ಕೂ ನಡುವೆ ಕಬ್ಬಿಣದ ದಿಮ್ಮಿಯನ್ನಿಟ್ಟು, ಉದ್ದನೆಯ ಯು-ಬೋಲ್ಟುಗಳಿಂದ ಬಿಗಿಯಬಹುದು. ಮುಂಭಾಗದಲ್ಲಂತೂ ಕೆಲಸ ಇನ್ನೂ ಸಲೀಸು, ಏಕೆಂದರೆ ಅಲ್ಲಿಗೆ ಎಂಜಿನ್ನಿನ ಬಲ ಹೋಗುವುದಿಲ್ಲವಾದ್ದರಿಂದ ಎತ್ತಿದಾಗ ಕೋನ ಕೆಟ್ಟು ಕಾಡುವ ಶಾಫ್ಟುಗಳೇ ಇರುವುದಿಲ್ಲ. ಎತ್ತುವುದರಿಂದ ಅತಿ ಕಡಿಮೆ ಪ್ರಯೋಜನ ಪಡೆಯುವ ವಾಹನವೇ ಎತ್ತಲು ಅತಿ ಸುಲಭವಾದದ್ದು ಎಂಬ ಈ ಸಂಗತಿಯಲ್ಲಿ ಸೃಷ್ಟಿಕರ್ತನ ಹಾಸ್ಯಪ್ರಜ್ಞೆಯನ್ನು ಗುರುತಿಸಬಹುದು.

ಪ್ರಯೋಜನ ಏಕೆ ಕಡಿಮೆ ಎಂಬುದನ್ನು ತಿಳಿಯಲು ಗಾಡಿಯ ಅಡಿಗೆ ತಲೆ ಹಾಕಬೇಕು. ಹಿಂದಿನ ಆಕ್ಸಲ್ಲಿನ ನಡುವೆ, ಎಂಜಿನ್ನಿನ ತಿರುಗಣೆಯನ್ನು ಎರಡೂ ಗಾಲಿಗಳಿಗೆ ಹಂಚುವ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಗುಡಾಣವೊಂದು ತೂಗಾಡುತ್ತಿರುತ್ತದೆ, ಮತ್ತು ಇಡೀ ವಾಹನದಲ್ಲಿ ನೆಲಕ್ಕೆ ಅತಿ ಸಮೀಪದ ಅಂಗ ಸಾಮಾನ್ಯವಾಗಿ ಅದೇ. ಈ ಗುಡಾಣವು ಪಾಟಾದ ಕೆಳಗಿರುವುದರಿಂದ, ಪಾಟಾದ ಮೇಲೆ ಎಷ್ಟೇ ಶೃಂಗಾರ ಮಾಡಿದರೂ ಅದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಗಾಡಿಯ ಬಾಡಿ ಎತ್ತರವಾಗುತ್ತದೆ, ಚಾಲಕನ ಸೀಟು ಎತ್ತರವಾಗುತ್ತದೆ, ಮಾಲೀಕನ ತಲೆ ಎತ್ತರವಾಗುತ್ತದೆ. ರಾಡಿಗೆ ತಗಲುವ ಭಾಗ ಮಾತ್ರ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತಬೇಕಾದರೆ ಗಾಲಿಯನ್ನೇ ದೊಡ್ಡದು ಮಾಡಬೇಕು. ಎರೆಸೀಮೆಯ ಬಡಿಗನು ಈ ರಹಸ್ಯವನ್ನು ತಿಳಿದಿದ್ದುದರಿಂದಲೇ ಎತ್ತಿನ ಬಂಡಿಗೆ ಆಳೆದೆಯ ಸಮೀಪ ಬರುವ ಗಾಲಿಗಳನ್ನು ಕೂಡಿಸುತ್ತಿದ್ದನು. ಆ ಬಂಡಿಗೆ ಸ್ಪ್ರಿಂಗೇ ಇರಲಿಲ್ಲವಾದರೂ ಅದರ ಅಚ್ಚು ಮಣ್ಣಿಗೆ ತಾಗುವುದು ಅಪರೂಪವಾಗಿತ್ತು. ಟ್ರ್ಯಾಕ್ಟರು ಅನುಸರಿಸಿದ್ದೂ ಬಡಿಗನನ್ನೇ.

ಗುಡಾಣದ ಇನ್ನೊಂದು ಗುಣ ಇದಕ್ಕಿಂತ ಕುತೂಹಲಕರವಾದದ್ದು. ತಿರುವಿನಲ್ಲಿ ಹೊರಗಾಲಿ ಹೆಚ್ಚು, ಒಳಗಾಲಿ ಕಡಿಮೆ ಸುತ್ತಬೇಕಾಗುವುದರಿಂದ ಡಿಫರೆನ್ಷಿಯಲ್ ಎರಡಕ್ಕೂ ಬೇರೆ ಬೇರೆ ವೇಗದಲ್ಲಿ ಸುತ್ತುವ ಸ್ವಾತಂತ್ರ್ಯ ಕೊಡುತ್ತದೆ. ಆದರೆ ಈ ಉದಾರ ವ್ಯವಸ್ಥೆಯಲ್ಲಿ ಒಂದು ಗಾಲಿ ರಾಡಿಯಲ್ಲಿ ಹಿಡಿತ ತಪ್ಪಿದರೆ, ಸುತ್ತುವ ಕೆಲಸವೆಲ್ಲ ಆ ಕೈಲಾಗದ ಗಾಲಿಯ ಪಾಲಾಗಿ, ಗಟ್ಟಿ ನೆಲದ ಮೇಲಿರುವ ಸಮರ್ಥ ಗಾಲಿ ಸುಮ್ಮನೆ ನಿಂತು ನೋಡುತ್ತದೆ. (ಸರ್ಕಾರಿ ಕಚೇರಿಗಳ ಕಾರ್ಯವಿಧಾನವನ್ನು ಬಲ್ಲವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.) ಕೊಯ್ಲಿನ ಹೊತ್ತಿಗೆ ಅಕಾಲಿಕ ಮಳೆ ಬಿದ್ದು, ಗದ್ದೆಯಂಚಿನ ದಾರಿಯಲ್ಲಿ ಎತ್ತಿಸಿದ ಪಿಕಪ್ಪೊಂದು ಭತ್ತ ತರಲು ಖಾಲಿಯಾಗಿ ಹೊರಟಿತೆಂದು ಭಾವಿಸೋಣ. ಹಿಂಭಾಗದಲ್ಲಿ ಭಾರವಿಲ್ಲದ್ದರಿಂದ ಎಳೆಯಬೇಕಾದ ಗಾಲಿಗಳಿಗೆ ನೆಲದ ಮೇಲೆ ಒತ್ತಡವಿಲ್ಲ. ಟೈರಿನ ಗೀರುಗಳೊಳಗೆ ಎರೆಮಣ್ಣು ತುಂಬಿ ಟೈರು ಬೋಳಾಗುತ್ತದೆ. ಒಂದು ಗಾಲಿ ಕೆಸರನ್ನು ಆಕಾಶಕ್ಕೆ ಚಿಮ್ಮುತ್ತ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಗುಡಾಣ ಮಣ್ಣಿನ ಮೇಲೆ ನೆಮ್ಮದಿಯಾಗಿ ಕುಳಿತುಕೊಳ್ಳುತ್ತದೆ. ಲಿಫ್ಟ್ ಮಾಡಿಸದ ಪಿಕಪ್ಪೂ ಇದೇ ಜಾಗದಲ್ಲಿ, ಇದೇ ಆಳಕ್ಕೆ, ಇದೇ ರೀತಿ ಹೂತುಕೊಳ್ಳುತ್ತಿತ್ತು. ವ್ಯತ್ಯಾಸವೇನೆಂದರೆ ಲಿಫ್ಟ್ ಮಾಡಿಸಿದವನಿಗೆ ತನ್ನನ್ನು ಎಳೆಯಲು ಬರುತ್ತಿರುವ ಟ್ರ್ಯಾಕ್ಟರು ಎರಡು ಇಂಚು ಮೇಲಿನಿಂದ, ಸ್ವಲ್ಪ ಮೊದಲೇ ಕಾಣುತ್ತದೆ. ಬಂದ ಟ್ರ್ಯಾಕ್ಟರಿನವನು ‘ಏನ್ ಮಾವಾ, ಗಾಡಿ ಎತ್ತಿಸಿದ್ಯಂತಲ್ಲ?’ ಎಂದು ಕೇಳದೆ ಹಗ್ಗ ಕಟ್ಟುವುದಿಲ್ಲ. ಎತ್ತಿಸಿದ ಖರ್ಚಿನ ಪಟ್ಟಿಯಲ್ಲಿ ಈ ಪ್ರಶ್ನೆಯನ್ನು ಸೇರಿಸಿಕೊಳ್ಳುವ ಪದ್ಧತಿ ಇಲ್ಲ.

ಇಷ್ಟರಲ್ಲಿ ಗಾಡಿಯ ಒಳಗೂ ಕೆಲವು ಬದಲಾವಣೆಗಳು ಸದ್ದಿಲ್ಲದೆ ನಡೆದಿರುತ್ತವೆ. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟ್ ಮೊದಲಿಗಿಂತ ಕಡಿದಾಗಿ ಇಳಿಯಬೇಕಾಗುವುದರಿಂದ ಅದರ ಕೀಲುಗಳು ಬೇಗ ಸವೆದು ಗಾಡಿ ನಡುಗತೊಡಗುತ್ತದೆ. ಭಾರವೆಲ್ಲ ಮೇಲಕ್ಕೆ ಸರಿದು ತಿರುವಿನಲ್ಲಿ ವಾಲುವುದು ಹೆಚ್ಚಾಗುತ್ತದೆ. ದೀಪಗಳ ಬೆಳಕು ರಸ್ತೆಯನ್ನು ಬಿಟ್ಟು ಎದುರಿನ ಬೈಕಿನವನ ಮುಖವನ್ನು ಪರಿಶೀಲಿಸುತ್ತದೆ. ಎಲ್ಲಕ್ಕಿಂತ ಗಂಭೀರವಾದದ್ದು ಬ್ರೇಕಿನ ಸಂಗತಿ. ಅನೇಕ ಪಿಕಪ್ಪುಗಳಲ್ಲಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಕೊಡಬೇಕೆಂಬುದನ್ನು ಚಾಸಿಗೂ ಆಕ್ಸಲ್ಲಿಗೂ ನಡುವಿನ ಅಂತರವನ್ನು ನೋಡಿ ನಿರ್ಧರಿಸುವ ಒಂದು ಕವಾಟವಿರುತ್ತದೆ. ಗಾಡಿ ಬಗ್ಗಿದ್ದರೆ ಭಾರವಿದೆಯೆಂದು ತಿಳಿದು ಹೆಚ್ಚು ಬ್ರೇಕನ್ನು, ಎದ್ದಿದ್ದರೆ ಖಾಲಿಯೆಂದು ತಿಳಿದು ಕಡಿಮೆ ಬ್ರೇಕನ್ನು ಬಿಡುವುದು ಅದರ ಕೆಲಸ. ಲಿಫ್ಟ್ ಆದ ಮೇಲೆ ಆ ಬಡ ಕವಾಟವು 30 ಚೀಲ ಹೇರಿದ ಗಾಡಿಯನ್ನೂ ಹಗುರವೆಂದೇ ನಂಬುತ್ತದೆ. ಆರ್‌ಟಿಒ ಕಚೇರಿಗೆ, ವೇಬ್ರಿಜ್ಜಿಗೆ, ಹೆಂಡತಿಗೆ ಹೇಳುವ ಸುಳ್ಳಿಗೆ ಆಮೇಲೆ ಪರಿಹಾರವುಂಟು. ಬ್ರೇಕಿಗೆ ಹೇಳಿದ ಸುಳ್ಳು ಇಳಿಜಾರಿನಲ್ಲಿಯೇ ಬಯಲಾಗುತ್ತದೆ.

ಕಾನೂನಿನ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರು ಮೂಲದಲ್ಲಿ ಹೇಳಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಕೆಎ 37 ಎಂದು ಬರೆದುಕೊಂಡ ಕೊಪ್ಪಳದ ಗಾಡಿಗಳಿಗೆ ಇದರಿಂದ ವಿನಾಯಿತಿಯೇನೂ ಇಲ್ಲ.

ಇಷ್ಟಾದರೂ ಎತ್ತಿಸಲೇಬೇಕೆನ್ನುವವರನ್ನು ತಡೆಯುವ ಶಕ್ತಿ ಪ್ರಬಂಧಕ್ಕಿಲ್ಲ. ಅಂಥವರು ಬ್ರೇಕಿನ ರಬ್ಬರು ಹೋಸು ಹೊಸ ಎತ್ತರಕ್ಕೆ ಎಟಕುತ್ತದೆಯೇ ಎಂಬುದನ್ನಾದರೂ ಮಿಸ್ತ್ರಿಯಿಂದ ನೋಡಿಸಿಕೊಂಡು, ಕವಾಟವನ್ನು ಹೊಸ ಎತ್ತರಕ್ಕೆ ಹೊಂದಿಸಿಕೊಂಡು, ದೀಪಗಳನ್ನು ತಗ್ಗಿಸಿಕೊಂಡು ಅಂಗಡಿ ಬಿಡಬೇಕು. ಉಳಿದವರು ಅದೇ ಹಣದಲ್ಲಿ ಹಿಂದಿನ ಗಾಲಿಗಳಿಗೆ ಆಳವಾದ ಗೀರಿನ ಎರಡು ಹೊಸ ಟೈರುಗಳನ್ನೂ ಎಳೆಯುವಾಗ ತುಂಡಾಗದ ಒಂದು ಹಗ್ಗವನ್ನೂ ಕೊಳ್ಳಬಹುದು. ಕಾರಟಗಿಯ ಪೇಟೆಯಲ್ಲಿ ಎರಡೂ ಸಿಗುತ್ತವೆ.